ಮುತ್ತವ್ವನಿಗೆ ಎರಡು ಗುಂಡು

ತುಲಾ ಸಂಕ್ರಮಣದ ಮರುದಿನ, ಶನಿವಾರ ಬೆಳಿಗ್ಗೆ ಏಳು ಗಂಟೆಗೆ, ಪುರುಷೋತ್ತಮ ಬ್ರಾಂಪ್ಟನ್ನಿನ ತನ್ನ ಮನೆಯಲ್ಲಿ ದೋಸೆ ಹುಯ್ಯುತ್ತಿದ್ದ. ಮೊದಲನೆಯ ದೋಸೆ ಎಂದಿನಂತೆ ಕಾಲೊರಸುವ ಚಾಪೆಯ ಹಾಗೆ ದಪ್ಪಗೆ ಎದ್ದು ಬಂತು. ಅತ್ತೆ ಕೆಳಗಿಳಿದು ಬರುವಷ್ಟರಲ್ಲಿ ಅದನ್ನು ತಾನೇ ತಿಂದು ಮುಗಿಸಿಬಿಡೋಣವೆಂದು ಒಂದು ತುಂಡು ಮುರಿದು ಬಾಯಿಗಿಟ್ಟಿದ್ದ. ಆಗ ಮಹಡಿಯಿಂದ ಹೆಂಡತಿ ವಸಂತಾ ಕೂಗಿದಳು. ಕರೆದದ್ದು ಅವನನ್ನಲ್ಲ. "ಅವ್ವಾ!" ಎಂದು ಒಂದೇ ಸಲ. ಆಮೇಲೆ ಕಾವಲಿಯ ಚುರುಚುರು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ.

ಮುತ್ತವ್ವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಂತೆಯೇ ಹೋಗಿಬಿಟ್ಟಿದ್ದಳು. ಎಂಬತ್ತೊಂದು ವರ್ಷ. ಹಿಂದಿನ ದಿನ ಕಾವೇರಮ್ಮನ ಪೂಜೆ ಮಾಡಿ ಹಣೆಗಿಟ್ಟುಕೊಂಡ ಗಂಧ ಹಾಗೆಯೇ ಇತ್ತು. ಮುಖದಲ್ಲಿ ನೋವಿನ ಗೆರೆ ಒಂದೂ ಇರಲಿಲ್ಲ. ದೇವರು ಒಳ್ಳೆಯವರನ್ನು ಕರೆದುಕೊಳ್ಳುವುದು ಹೀಗೆಯೇ ಇರಬೇಕು. ಆದರೆ ಪುರುಷೋತ್ತಮನ ಕಣ್ಣು ಮುಖದ ಮೇಲೆ ನಿಲ್ಲಲಿಲ್ಲ, ಆಕೆಯ ಬಲಗೈಗೆ ಹೋಯಿತು. ಆ ಮುಷ್ಟಿಯಲ್ಲಿ ಬೀದಿಯ ಕೊನೆಯಲ್ಲಿದ್ದ, ಮನೆಯ ಟಪಾಲು ಬಂದು ಬೀಳುವ ಅಂಚೆಪೆಟ್ಟಿಗೆಯ ಬೀಗದ ಕೈ ಇತ್ತು. ಅವನು ಅದನ್ನು ಮೆಲ್ಲಗೆ ಬಿಡಿಸಿ ಜೇಬಿಗೆ ಹಾಕಿಕೊಂಡ.

ಆ ಬೀಗದ ಕೈಯ ಕತೆ ಗೊತ್ತಿದ್ದವನು ಆ ಮನೆಯಲ್ಲಿ ಅವನೊಬ್ಬನೇ. ಹಾಗೆಂದು ಅವನು ನಂಬಿದ್ದ.

ಮುತ್ತವ್ವ ವಿರಾಜಪೇಟೆಯ ಕಡೆಯ ಕೊಡವತಿ. ಗಂಡ ತೀರಿದ ಮೇಲೆ ಮಗಳ ಜೊತೆ ಇರಲು ಈ ಹಿಮದ ದೇಶಕ್ಕೆ ಬಂದು ಮೂವತ್ತು ವರ್ಷವಾಗಿತ್ತು. ಅಳಿಯ ನಂಜನಗೂಡಿನವನು. ದೀಪಾವಳಿಯ ಲಕ್ಷ್ಮೀಪಟಾಕಿಗೆ ಎರಡು ಕಿವಿಯಲ್ಲೂ ಬೆರಳಿಟ್ಟುಕೊಂಡು ಬೆಳೆದವನು. ಅತ್ತೆಯಾದರೋ ಹುಡುಗಿಯಾಗಿದ್ದಾಗ ಕೈಲ್ ಪೋಳ್ದ್ ಎಂಬ ಆಯುಧಪೂಜೆಯ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯನ್ನು ಒಂದೇ ಗುಂಡಿಗೆ ಒಡೆದವಳು. ಆ ಕಾಯಿಯ ಮಾತು ಈ ಮನೆಯಲ್ಲಿ ವರ್ಷಕ್ಕೆ ನಲವತ್ತು ಸಲವಾದರೂ ಬರುತ್ತಿತ್ತು. "ಊರಲ್ಲಿ ನಮ್ಮ ಜನಕ್ಕೆ ಕೋವಿಗೆ ಲೈಸೆನ್ಸೇ ಬೇಡ ಪುರುಷೋತ್ತಮ. ಗಂಡಸರಿಗೂ ಅಷ್ಟೆ, ಹೆಂಗಸರಿಗೂ ಅಷ್ಟೆ. ಅದು ನಮ್ಮ ಹಕ್ಕು" ಎನ್ನುತ್ತಿದ್ದಳು. ಅವನು ಪ್ರತಿ ವರ್ಷವೂ "ಒಂದ್ಸಲ ಎಲ್ಲಾದ್ರೂ ರೇಂಜಿಗೆ ಕರ್ಕೊಂಡು ಹೋಗ್ತೀನಿ ಅತ್ತೆ. ಈ ವರ್ಷ ಚಳಿ ಜಾಸ್ತಿ" ಎಂದು ಹೇಳಿ ಜಾರಿಕೊಳ್ಳುತ್ತಿದ್ದ. ಮೂವತ್ತು ವರ್ಷವೂ ಚಳಿ ಜಾಸ್ತಿಯಾಗಿಯೇ ಇತ್ತು.

ಹೋದ ವರ್ಷ ಲೈಬ್ರರಿಯಲ್ಲಿ ಡೆಬ್ರಾ ಎಂಬ ಬಿಳಿಗೂದಲಿನ ಹೆಂಗಸೊಬ್ಬಳು ಮೇಜು ಹಾಕಿಕೊಂಡು ಕೂತಿದ್ದಳು. ಮಹಿಳೆಯರ ಬಂದೂಕು ಕ್ಲಬ್ಬಿನವಳು. "ಕೋವಿ ಗಂಡಸರ ಸ್ವತ್ತಲ್ಲ, ಹೆಂಗಸರ ಹಕ್ಕು ಕೂಡ" ಎಂದು ಕರಪತ್ರ ಹಂಚುತ್ತಿದ್ದಳು. ಮುತ್ತವ್ವ ಆ ಕರಪತ್ರವನ್ನು ದೇವಸ್ಥಾನದ ಪ್ರಸಾದದ ಹಾಗೆ ಎರಡು ಕೈಯಲ್ಲಿ ಮನೆಗೆ ತಂದಳು.

"ಈ ದೇಶದಲ್ಲಿ ಅದು ಹಕ್ಕಲ್ಲ ಅತ್ತೆ" ಎಂದ ಪುರುಷೋತ್ತಮ. "ಸರ್ಕಾರ ಕೊಟ್ರೆ ಉಂಟು, ಇಲ್ದಿದ್ರೆ ಇಲ್ಲ."

"ಹಾಗಾದ್ರೆ ಕೇಳಿ ತಕ್ಕೊಳ್ತೇನೆ. ಕೇಳೋದಾದ್ರೂ ನನ್ನ ಹಕ್ಕು ತಾನೇ?"

ಕೇಳಿಯೇಬಿಟ್ಟಳು. ಎಂಬತ್ತನೆಯ ವಯಸ್ಸಿನಲ್ಲಿ ಸುರಕ್ಷತೆಯ ಪಾಠ ಕೇಳಿ, ಪರೀಕ್ಷೆ ಬರೆದು, ಪಾಸಾಗಿ, ಅರ್ಜಿ ಹಾಕಿದಳು. ಆಕೆಯನ್ನು ಬಲ್ಲವರೆಂದು ಇಬ್ಬರ ಹೆಸರು ಕೊಡಬೇಕಿತ್ತು. ಒಂದು ಡೆಬ್ರಾಳದು. ಇನ್ನೊಂದು ಅಳಿಯನದು.

ಜನವರಿಯ ಒಂದು ಮಧ್ಯಾಹ್ನ ಲೈಸೆನ್ಸ್ ಕಚೇರಿಯಿಂದ ಪುರುಷೋತ್ತಮನಿಗೆ ಫೋನ್ ಬಂತು. ವಿನಯವಾದ ಹೆಣ್ಣು ದನಿ. ಈಕೆಯ ಕೈಗೆ ಕೋವಿ ಕೊಡಲು ನಿಮಗೇನಾದರೂ ಆತಂಕವಿದೆಯೇ ಎಂದು ಕೇಳಿತು. "ಇಲ್ಲ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಪುರುಷೋತ್ತಮ ನಿವೃತ್ತಿಯಾಗುವವರೆಗೆ ಸೇತುವೆಗಳ ತಪಾಸಣೆ ಮಾಡಿದ ಇಂಜಿನಿಯರು. ಕೂದಲೆಳೆಯಷ್ಟು ಬಿರುಕು ಕಂಡರೂ ವರದಿಯಲ್ಲಿ ಬರೆಯದೆ ಬಿಟ್ಟವನಲ್ಲ. "ದೋಸೆ ದಪ್ಪ ಮಾಡಿದರೆ ನನ್ನನ್ನು ಗುಂಡಿಟ್ಟು ಹೊಡೆಯುತ್ತೇನೆ ಎಂದು ಹೇಳಿದ್ದಾರೆ" ಎಂದ. ಆ ಕಡೆ ಕೀಲಿಮಣೆ ಟಕಟಕ ಎಂದಿತು. ಆ ಸದ್ದಿಗೆ ಹೆದರಿ, "ಎರಡು ಸಲ" ಎಂದು ಸೇರಿಸಿದ.

ಫೋನಿಟ್ಟ ಮೇಲೆ ಅವನಿಗೆ ತಾನು ಮಾಡಿದ್ದೇನೆಂದು ತಿಳಿಯಿತು. ಹೆಂಡತಿಗೆ ಹೇಳಲಿಲ್ಲ, ಅತ್ತೆಗಂತೂ ಹೇಳಲೇ ಇಲ್ಲ. ಅಂದಿನಿಂದ ಮುತ್ತವ್ವ ದಿನವೂ ಹಿಮದಲ್ಲಿ, ಮಳೆಯಲ್ಲಿ, ಬಿಸಿಲಲ್ಲಿ ಬೀಗದ ಕೈ ಹಿಡಿದು ಅಂಚೆಪೆಟ್ಟಿಗೆಗೆ ಹೋಗುವಳು. ತಿರುಗಿ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಇವತ್ತೂ ಲೈಸೆನ್ಸು ಬರ್ಲಿಲ್ಲ ಪುರುಷೋತ್ತಮ" ಎನ್ನುವಳು. ಹಾಗೆಂದು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡುವಳು. ಅವನು ಸಾರಿನ ಪಾತ್ರೆಯೊಳಗೆ ನೋಡುವನು. ಒಂಬತ್ತು ತಿಂಗಳು ಹೀಗೆ ನಡೆಯಿತು. ಆ ಮುದಿಜೀವಕ್ಕೆ ಇದ್ದ ಸಂತೋಷವೆಂದರೆ ಹದಿನೈದು ದಿನಕ್ಕೊಮ್ಮೆ ಶನಿವಾರ ಬರುವ ಒಂದು ನೀಲಿ ಪಿಕಪ್ ಗಾಡಿ. ಅದರಲ್ಲಿ ಹತ್ತಿ ಲೈಬ್ರರಿಯ ಇಂಗ್ಲಿಷ್ ಕ್ಲಾಸಿಗೆ ಹೋಗಿಬರುತ್ತಿದ್ದಳು. ಅಷ್ಟು ಕ್ಲಾಸಿಗೆ ಹೋಗಿ ಕಲಿತದ್ದು ಒಂದೇ ಮಾತು. ದೋಸೆ ಬೇಕಾದಾಗ ತಟ್ಟೆಯ ಮುಂದೆ ಕೂತು "ಪುಲ್!" ಎಂದು ಕೂಗುವಳು.

ಇನ್ನು ಕೂಗುವವರಿರಲಿಲ್ಲ.

ಡಾಕ್ಟರು ಬಂದು ಕಾಗದ ಬರೆದುಕೊಟ್ಟರು. ಕಪ್ಪು ಕೋಟಿನ ಇಬ್ಬರು ಬಂದು, ದಹನ ಸೋಮವಾರವೆಂದು ಹೇಳಿ, ಮುತ್ತವ್ವನನ್ನು ಮೆತ್ತಗೆ ಕರೆದುಕೊಂಡು ಹೋದರು. ಹಾಸಿಗೆ ಮಡಿಸುವಾಗ ತಲೆದಿಂಬಿನ ಕೆಳಗೆ ವಸಂತಾಗೆ ಒಂದು ಚೀಟಿ ಸಿಕ್ಕಿತು. ಅಷ್ಟರಲ್ಲಿ ಎದುರು ಮನೆಯ ಚಂದ್ರಮೋಹನನೂ ಅವನ ಹೆಂಡತಿ ರತ್ನಾಳೂ ಬಂದು ಕೂತಿದ್ದರು. ಚಂದ್ರಮೋಹನ ಕನ್ನಡ ಸಂಘದ ಮಾಜಿ ಅಧ್ಯಕ್ಷ. ಮದುವೆಯಾಗಲಿ ಸಾವಾಗಲಿ, ಕರೆಯದೆ ಬಂದು ಮೈಕು ಹಿಡಿಯುವ ಅಭ್ಯಾಸ. ರತ್ನಾ ವಸಂತಾಳ ಕೈಯಿಂದ ಚೀಟಿ ತೆಗೆದುಕೊಂಡು ಗಟ್ಟಿಯಾಗಿ ಓದಿದಳು.

"ನಾನು ಹೋದ ದಿನ, ಹೊತ್ತು ಮುಳುಗುವ ಮೊದಲು, ಎರಡು ಗುಂಡು ಹಾರಬೇಕು. ಒಂದರ ಬೆನ್ನಿಗೆ ಇನ್ನೊಂದು. ಹಾರಿಸುವುದು ಪುರುಷೋತ್ತಮನ ಕೈ. ನಾನು ಹುಟ್ಟಿದಾಗ ಹೆಣ್ಣೆಂದು ಯಾರೂ ಹಾರಿಸಲಿಲ್ಲ. ಹೋಗುವಾಗ ನನ್ನ ಪಾಲಿನದ್ದು ನನಗೆ ಬರಬೇಕು. ಊರಲ್ಲಿ ಹಾರಿಸಿದರೆ ನಡೆಯುವುದಿಲ್ಲ. ಮೂವತ್ತು ವರ್ಷ ನನ್ನನ್ನು ಹೊತ್ತ ನೆಲಕ್ಕೆ ಕೇಳಬೇಕು. ಪಟಾಕಿ ಬೇಡ."

ಕೊಡವರಲ್ಲಿ ಗಂಡು ಕೂಸು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ. ಅದನ್ನು ವಸಂತಾ ಅಳುತ್ತಲೇ ವಿವರಿಸಿದಳು. ವಿವರಿಸಿ ಗಂಡನ ಕಡೆ ತಿರುಗಿದಳು.

"ರೀ, ಅವ್ವ ಜೀವಮಾನದಲ್ಲಿ ನಿಮ್ಮ ಹತ್ರ ಏನೂ ಕೇಳಿದೋರಲ್ಲ. ಇದೊಂದು ಆಗ್ಲೇಬೇಕು. ಆಗ್ಲಿಲ್ಲ ಅಂದ್ರೆ ನಾನು ನಿಮ್ಮನ್ನ ಈ ಜನ್ಮದಲ್ಲಿ ಕ್ಷಮಿಸಲ್ಲ."

"ಬ್ರಾಂಪ್ಟನ್ನಲ್ಲಿ ಗುಂಡು ಎಲ್ಲಿಂದ ತರ್ಲೇ?"

"ಅವ್ವಂಗೆ ಲೈಸೆನ್ಸ್ ಒಂದು ಬಂದಿದ್ರೆ ಇಷ್ಟು ಪರದಾಟ ಇರ್ತಿರ್ಲಿಲ್ಲ" ಎಂದು ವಸಂತಾ ಮೂಗೊರೆಸಿಕೊಂಡಳು. "ಯಾವ ಪಾಪಿ ಅಡ್ಡಗಾಲು ಹಾಕಿದ್ನೋ."

ಪುರುಷೋತ್ತಮ ಎದ್ದು ಹೋಗಿ, ಆರಿದ್ದ ಒಲೆಯನ್ನು ಇನ್ನೊಮ್ಮೆ ಆರಿಸಿ ಬಂದ.

ಚಂದ್ರಮೋಹನ ಗಂಟಲು ಸರಿಮಾಡಿಕೊಂಡ. "ನೋಡಿ ಪುರುಷೋತ್ತಮ್ ಅವ್ರೇ, ಇದಕ್ಕೆಲ್ಲ ಟೆಕ್ನಾಲಜಿ ಇದೆ. ಅವ್ರು ಪಟಾಕಿ ಬೇಡ ಅಂದಿದಾರೆ, ಸ್ಪೀಕರ್ ಬೇಡ ಅಂದಿಲ್ಲ. ನನ್ ಫೋನಲ್ಲಿ ಗುಂಡಿನ ಸೌಂಡು ಹುಡುಕ್ತೀನಿ. ಬಟನ್ ನೀವು ಒತ್ತಿ. ನಿಮ್ ಕೈ ಆಯ್ತಲ್ಲ?"

"ನಮ್ಮನೆ ಸ್ಪೀಕರ್ ತುಂಬಾ ಪವರ್‌ಫುಲ್ಲು" ಎಂದಳು ರತ್ನಾ.

ಆ ಸ್ಪೀಕರನ್ನು ತಂದು ಹಿತ್ತಿಲ ಕಟ್ಟೆಯ ಮೇಲಿಟ್ಟರು. ನಾಲ್ವರೂ ಕೈಜೋಡಿಸಿ ನಿಂತರು. ಪುರುಷೋತ್ತಮ ಬಟನ್ ಒತ್ತಿದ. ಸ್ಪೀಕರು ಅದೇ ಬೆಳಿಗ್ಗೆ ರತ್ನಾ ಮಾಡಿದ ಯೋಗದ ಪಾಠವನ್ನು ನಿಂತಲ್ಲಿಂದ ಮುಂದುವರಿಸಿತು. "ಈಗ ನಿಧಾನವಾಗಿ ಉಸಿರು ಬಿಡಿ. ಪೂರ್ತಿಯಾಗಿ ಬಿಡಿ. ಹಗುರವಾಗಿದ್ದೇನೆ ಅಂದುಕೊಳ್ಳಿ."

ವಸಂತಾ ಬಾಯಿಗೆ ಸೆರಗು ಒತ್ತಿ ಒಳಗೆ ಹೋದಳು. ಚಂದ್ರಮೋಹನ ಫೋನನ್ನು ಕಸಿದುಕೊಂಡು ಏನೇನೋ ಒತ್ತಿದ. ಈ ಸಲ ಗುಂಡು ಬಂತು. ಆದರೆ ಅದು ಯಾವುದೋ ಯುದ್ಧದ ಧ್ವನಿಮುದ್ರಣ. ಎರಡರ ಬೆನ್ನಿಗೆ ಇಪ್ಪತ್ತು, ಇಪ್ಪತ್ತರ ಬೆನ್ನಿಗೆ ಇನ್ನೂರು. ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಮೂವರೂ ಸ್ಪೀಕರನ್ನು ಕೂಸಿನ ಹಾಗೆ ಮಗುಚಿ ಮಗುಚಿ ನೋಡಿದರು. ಕೊನೆಗೆ ಪುರುಷೋತ್ತಮ ಅದನ್ನು ನೀರು ತುಂಬಿದ ಬಕೆಟ್ಟಿಗೆ ಹಾಕಿದ. ಬಕೆಟ್ಟಿನೊಳಗೂ ಅದು ಸ್ವಲ್ಪ ಹೊತ್ತು ಯುದ್ಧ ಮಾಡಿತು.

"ನಮ್ ಸ್ಪೀಕರ್ರೀ!" ಎಂದು ರತ್ನಾ ಚೀರಿದಳು.

ಹತ್ತು ನಿಮಿಷದಲ್ಲಿ ಎರಡು ಪೊಲೀಸ್ ಗಾಡಿ ಬಂದು ನಿಂತವು. ಇಳಿದವನು ಗಿಲ್ ಎಂಬ ಪಂಜಾಬಿ ಹುಡುಗ. ಸುದ್ದಿ ಕೇಳಿ ಟೋಪಿ ತೆಗೆದು ಕೈಮುಗಿದ. ಒಳ್ಳೆಯ ತಾಯಿಯ ಮಗನಿರಬೇಕು.

"ಅಂಕಲ್ ಜೀ, ತುಂಬಾ ದುಃಖದ ವಿಷಯ. ಆದ್ರೆ ಇಂಥ ಸದ್ದು ಇನ್ನು ಬೇಡ. ಬೀದಿಯವ್ರೆಲ್ಲ ಹೆದರ್ಕೊಂಡಿದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಆಮೇಲೆ ಕೇಳಲೇಬೇಕಾದದ್ದನ್ನು ಕೇಳಿದ. "ಮನೆಯಲ್ಲಿ ಗನ್ ಏನಾದ್ರೂ ಇದೆಯಾ?"

"ಇಲ್ಲಪ್ಪ" ಎಂದ ಪುರುಷೋತ್ತಮ. ಅಲ್ಲಿಗೇ ಬಾಯಿ ಮುಚ್ಚುವುದು ಅವನ ಜಾಯಮಾನವಲ್ಲ. "ಇರಬೇಕಾಗಿತ್ತು. ನನ್ನಿಂದಾಗಿ..."

"ನಿಮ್ಮಿಂದಾಗಿ ಅಂದ್ರೆ?" ಎಂದಳು ರತ್ನಾ, ಪೊಲೀಸನಿಗಿಂತ ಬೇಗ.

"ನನ್ನಿಂದಾಗಿ... ಸದ್ದು ಜಾಸ್ತಿ ಆಯ್ತು ಅಂದೆ."

ಗಿಲ್ ಹೋದ. ಬೀದಿಯ ಜನ ಇನ್ನೂ ಪರದೆ ಸರಿಸಿ ನೋಡುತ್ತಲೇ ಇದ್ದರು. ಮುತ್ತವ್ವ ಹೋದದ್ದು ಇನ್ನೂ ನೆಲಕ್ಕೆ ಗೊತ್ತಾಗಿರಲಿಲ್ಲ, ಪೊಲೀಸರಿಗೆ ಗೊತ್ತಾಗಿತ್ತು. ಗಡಿಯಾರ ಒಂದು ಗಂಟೆ ತೋರಿಸುತ್ತಿತ್ತು. ಅಕ್ಟೋಬರಿನ ಸೂರ್ಯ ಯಾರಿಗೂ ಕಾಯುವವನಲ್ಲ. ಪುರುಷೋತ್ತಮ ದೇವರ ಮನೆಯ ಮುಂದೆ ಕೂತ. ಕಾವೇರಮ್ಮನ ಪಟದ ಎದುರು ಹಿಂದಿನ ದಿನದ ಹೂವು ಬಾಡಿತ್ತು. ತಾಯಿ, ಒಂದು ದಾರಿ ತೋರಿಸು, ಆಮೇಲೆ ನನಗೆ ಏನು ಬೇಕಾದರೂ ಆಗಲಿ ಎಂದು ಬೇಡಿಕೊಂಡ. ಬೇಡಿಕೊಳ್ಳುವಾಗ ಕೊನೆಯ ಮಾತನ್ನು ಸೇರಿಸಬಾರದಿತ್ತು. ದೇವತೆಗಳು ಪೂರ್ತಿ ವಾಕ್ಯ ಕೇಳಿಸಿಕೊಳ್ಳುತ್ತಾರೆ.

ಮನೆಯ ಫೋನು ಹೊಡೆದುಕೊಂಡಿತು.

"ಮುಟ್ಟಾವಾ ಇದ್ದಾಳೆಯೇ?" ಎಂದಿತು ಒಂದು ಇಂಗ್ಲಿಷ್ ದನಿ. ಡೆಬ್ರಾ. ಇಂದು ಕ್ಲಬ್ಬಿನಲ್ಲಿ ಹೆಂಗಸರ ದಿನವಂತೆ. ಪುರುಷೋತ್ತಮ ಸುದ್ದಿ ಹೇಳಿದ. ಆ ಕಡೆ ಬಹಳ ಹೊತ್ತು ಬಿಕ್ಕುವ ಸದ್ದು. ಆಮೇಲೆ ಆಕೆ ಮೂಗೊರೆಸಿಕೊಂಡು, "ಹಾಗಾದರೆ ಅದು ಇವತ್ತೇ ಆಗಬೇಕು. ಏನು ಮಾಡಬೇಕೆಂದು ಅವಳು ನನಗೆ ಹೇಳಿಟ್ಟಿದ್ದಾಳೆ. ಐದೂವರೆಯೊಳಗೆ ಬನ್ನಿ. ಅಳಿಯನನ್ನು ಮರೆಯದೆ ಕರೆತನ್ನಿ" ಎಂದಳು.

"ಅಳಿಯ ನಾನೇ" ಎಂದ ಪುರುಷೋತ್ತಮ.

"ಓ" ಎಂದಳು ಡೆಬ್ರಾ. ಆ ಒಂದು "ಓ"ವಿನಲ್ಲಿ ಏನೋ ಇತ್ತು. ಅವನಿಗೆ ಅದು ಹಿಡಿಸಲಿಲ್ಲ.

ಕ್ಲೈನ್‌ಬರ್ಗ್ ಎಂಬ ಊರು ದಾಟಿ ಇನ್ನೂ ಉತ್ತರಕ್ಕೆ, ಜೋಳ ಕೊಯ್ದ ಹೊಲಗಳ ನಡುವೆ ಆ ಕ್ಲಬ್ಬು. ಚಂದ್ರಮೋಹನ ದಂಪತಿಗಳನ್ನು ಯಾರೂ ಕರೆಯಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಅವರು ಆಗಲೇ ಬೆಲ್ಟು ಹಾಕಿಕೊಂಡು ಕೂತಿದ್ದರು. ದಾರಿಯುದ್ದಕ್ಕೂ ಮೇಪಲ್ ಮರಗಳು ಕುಂಕುಮ ಅರಿಶಿನ ಚೆಲ್ಲಿದಂತೆ ನಿಂತಿದ್ದವು. "ಅವ್ವಂಗೆ ಈ ಎಲೆ ನೋಡೋದಂದ್ರೆ ಪ್ರಾಣ. ಒಂದ್ಸಲ ಈ ಕಡೆ ಕರ್ಕೊಂಡು ಬರ್ಬೇಕಿತ್ತು" ಎಂದಳು ವಸಂತಾ. ಪುರುಷೋತ್ತಮ ಕಾರಿನ ಗಡಿಯಾರ ನೋಡಿದ. ಅರ್ಧ ಗಂಟೆಯ ದಾರಿ. ಮೂವತ್ತು ವರ್ಷದಲ್ಲಿ ಬಾರದೆ ಹೋದದ್ದು ಅರ್ಧ ಗಂಟೆಯ ದಾರಿ.

ಕ್ಲಬ್ಬಿನ ಅಂಗಳದಲ್ಲಿ ಒಂದು ನೀಲಿ ಪಿಕಪ್ ನಿಂತಿತ್ತು. ಎಲ್ಲೋ ನೋಡಿದ ಹಾಗಿದೆಯಲ್ಲ ಎಂದುಕೊಂಡ. ಬಯಲಿನಲ್ಲಿ ಹತ್ತು ಹನ್ನೊಂದು ಹೆಂಗಸರು ಸಾಲಾಗಿ ನಿಂತಿದ್ದರು. ಒಬ್ಬಳು ಕೋವಿ ಎತ್ತಿ "ಪುಲ್!" ಎಂದು ಕೂಗಿದಳು. ಎಲ್ಲಿಂದಲೋ ಒಂದು ಮಣ್ಣಿನ ಬಿಲ್ಲೆ ಹಕ್ಕಿಯ ಹಾಗೆ ಹಾರಿತು, ಅವಳು ಹೊಡೆದು ಪುಡಿ ಮಾಡಿದಳು. ಪುರುಷೋತ್ತಮನ ಕಿವಿಯೊಳಗೆ ತಟ್ಟೆಯೊಂದು ಸದ್ದು ಮಾಡಿದ ಹಾಗಾಯಿತು. ವಸಂತಾ ಅವನ ತೋಳು ಹಿಡಿದಳು. "ರೀ, ಅವ್ವ ದೋಸೆಗೆ ಹಾಗೇ ಅಲ್ವಾ ಕೂಗ್ತಿದ್ದಿದ್ದು?"

ಅಷ್ಟರಲ್ಲಿ ಡೆಬ್ರಾ ಬಂದು ವಸಂತಾಳನ್ನು ತಬ್ಬಿಕೊಂಡಳು. ಉಳಿದ ಹೆಂಗಸರೂ ಬಂದು ಸುತ್ತುವರಿದರು. ಅವರಲ್ಲಿ ಹಲವರ ಕಣ್ಣು ಒದ್ದೆಯಾಗಿತ್ತು. ಆದರೆ ಪುರುಷೋತ್ತಮನನ್ನು ನೋಡುವಾಗ ಮಾತ್ರ ಒಬ್ಬರು ಇನ್ನೊಬ್ಬರ ಪಕ್ಕೆಗೆ ಮೊಣಕೈಯಿಂದ ತಿವಿಯುತ್ತಿದ್ದರು.

ಹೆಂಗಸರ ದಿನ ಗಂಡಸರಿಗೆ ಅಲ್ಲಿ ಚಹಾ ಸುರಿಯುವ ಕೆಲಸ ಮಾತ್ರ. ಮುತ್ತವ್ವನ ಹೆಸರಿನಲ್ಲಿ ಇವತ್ತು ಒಬ್ಬನಿಗೆ ವಿನಾಯಿತಿ ಎಂದು ಡೆಬ್ರಾ ಘೋಷಿಸಿದಳು. ಅವನ ಕಿವಿಗೆ ಗುಲಾಬಿ ಬಣ್ಣದ ಮುಚ್ಚಳ ಹಾಕಿದರು. ಕೈಗೆ ಜೋಡಿ ನಳಿಗೆಯ ಒಂದು ಕೋವಿ ಕೊಟ್ಟು, ಡೆಬ್ರಾ ಅವನ ಬೆನ್ನಿಗೆ ಅಂಟಿಕೊಂಡಂತೆ ನಿಂತಳು. ಲೈಸೆನ್ಸ್ ಇಲ್ಲದವನು ಲೈಸೆನ್ಸ್ ಇದ್ದವಳ ಕೈಯಳತೆಯಲ್ಲಿಯೇ ಹಾರಿಸಬೇಕು. ಬೆರಳಲ್ಲಿ ಎಳೆಯುವ ಕುದುರೆ ಎರಡು ಇವೆ, ಮುಂದಿನದು ಮೊದಲು, ಹಿಂದಿನದು ಆಮೇಲೆ ಎಂದು ಹೇಳಿಕೊಟ್ಟಳು.

ಚಂದ್ರಮೋಹನ ಫೋನನ್ನು ಎತ್ತಿ ಹಿಡಿದಿದ್ದ. ಅದರಲ್ಲಿ ವಿರಾಜಪೇಟೆಯಿಂದ ಮುತ್ತವ್ವನ ತಮ್ಮ ನಂಜಪ್ಪಜ್ಜ ನಿದ್ದೆಗೆಟ್ಟು ನೋಡುತ್ತಿದ್ದರು. "ಕಾಲು ಗಟ್ಟಿ ಊರಿ ಅಳಿಯಂದಿರೇ! ಕೋವಿ ಭುಜಕ್ಕೆ ಒತ್ತಿ!"

ಪುರುಷೋತ್ತಮ ಕಣ್ಣು ಮುಚ್ಚಿದ. ಭುಜಕ್ಕೆ ಒತ್ತುವುದನ್ನು ಮರೆತ. ಕುದುರೆ ಎಳೆದ. ಢಮಾರ್ ಎಂದಿತು. ಕೋವಿ ಅವನನ್ನು ಹಳೆಯ ಶತ್ರುವಿನ ಹಾಗೆ ಹಿಂದಕ್ಕೆ ನೂಕಿತು. ಡೆಬ್ರಾ ಕೋವಿಯನ್ನು ಹಿಡಿದುಕೊಂಡಳು, ಅಳಿಯನನ್ನು ಹಿಡಿಯಲು ಅವಳಿಗೆ ಮೂರನೆಯ ಕೈ ಇರಲಿಲ್ಲ. ಅವನು ಒದ್ದೆ ಹುಲ್ಲಿನ ಮೇಲೆ ಕುಂಡೆಯೂರಿ ಕೂತ. ಎರಡನೆಯ ಗುಂಡು ನಳಿಗೆಯಲ್ಲೇ ಉಳಿಯಿತು.

ಫೋನಿನಲ್ಲಿ ನಂಜಪ್ಪಜ್ಜನ ದನಿ. "ಒಂದೇ ಕೇಳಿತಲ್ಲ. ಯಾರಿಗೆ ಗಂಡು ಮಗು ಹುಟ್ಟಿತು?"

"ಅಯ್ಯೋ ದೇವ್ರೇ" ಎಂದಳು ವಸಂತಾ. "ಅವ್ವನ ಸಾವಿನ ದಿನ ನಮ್ಮನೇಲಿ ಗಂಡು ಹುಟ್ಟಿದ ಹಾಗೆ ಮಾಡಿದ್ರಲ್ಲ! ಇಲ್ಲೂ ಗಂಡಿಗೇ ಹಾರ್ತಲ್ಲ ಗುಂಡು!"

ಡೆಬ್ರಾ ಖಾಲಿಯಾದ ನಳಿಗೆಗೆ ಇನ್ನೊಂದು ತೋಟಾ ತುಂಬಿದಳು. ಸೂರ್ಯ ಹೊಲದಾಚೆಯ ಮರಗಳ ನೆತ್ತಿಗೆ ಇಳಿದಿದ್ದ. ಪುರುಷೋತ್ತಮ ಎದ್ದು ನಿಂತು ಕೋವಿಯನ್ನು ಕೈಗೆ ತೆಗೆದುಕೊಂಡ. ಈ ಸಲ ಕಣ್ಣು ಮುಚ್ಚಲಿಲ್ಲ. ಮುಚ್ಚದೆ ಇದ್ದದ್ದರಿಂದ ನಳಿಗೆಯ ಮೇಲೆ ಒಣಗಿ ಅಂಟಿದ್ದ ಗಂಧದ ಬೊಟ್ಟೊಂದು ಕಾಣಿಸಿತು. ಬೆಳಿಗ್ಗೆ ಅತ್ತೆಯ ಹಣೆಯಲ್ಲಿ ಕಂಡದ್ದು ಇಂಥದ್ದೇ ಬೊಟ್ಟು. ಅದು ಇಲ್ಲಿಗೆ ಹೇಗೆ ಬಂತೆಂದು ಯೋಚಿಸಲು ಅವನಿಗೆ ತ್ರಾಣವಿರಲಿಲ್ಲ. ಅವನ ಕಣ್ಣಿಗೆ ಕಂಡದ್ದು ಅಂಚೆಪೆಟ್ಟಿಗೆಯ ಮುಂದೆ ಹಿಮದಲ್ಲಿ ನಿಂತ ಮುದುಕಿ ಮಾತ್ರ. ಬೆರಳು ಕುದುರೆಯ ಮೇಲೆ ಹೋಗಲೊಲ್ಲದು.

"ನನ್ನ ಕೈಲಾಗಲ್ಲ" ಎಂದ. "ಈ ಕೈಗೆ ಆ ಯೋಗ್ಯತೆ ಇಲ್ಲ. ಅತ್ತೆ ಲೈಸೆನ್ಸ್ ತಪ್ಪಿಸಿದ ಪಾಪಿ ನಾನೇ ವಸಂತಾ."

ಕೋವಿಯನ್ನು ಕೆಳಗಿಳಿಸಿ, ಜನವರಿಯ ಫೋನಿನ ಕತೆಯನ್ನು ಪೂರ್ತಿ ಹೇಳಿದ. ದೋಸೆಯನ್ನೂ ಹೇಳಿದ. "ಎರಡು ಸಲ" ಎಂದು ಸೇರಿಸಿದ್ದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅವನ ಕಣ್ಣಿಂದ ನೀರು ಇಳಿದು ಗುಲಾಬಿ ಮುಚ್ಚಳದ ಅಂಚಿಗೆ ಸೇರಿತು. ವಸಂತಾ ಎರಡು ಹೆಜ್ಜೆ ಹಿಂದೆ ಸರಿದಳು. ರತ್ನಾ ಮಾತ್ರ ಒಂದಕ್ಷರ ಬಿಡದೆ ಡೆಬ್ರಾಗೂ ಉಳಿದ ಹೆಂಗಸರಿಗೂ ಇಂಗ್ಲಿಷಿನಲ್ಲಿ ಅನುವಾದ ಮಾಡಿ ಒಪ್ಪಿಸಿದಳು. ಮುಳುಗಿದ ಸ್ಪೀಕರಿನ ಸಾಲ ಅಲ್ಲಿಗೆ ತೀರಿತು.

ಅನುವಾದ ಮುಗಿದಾಗ ಹೆಂಗಸರ ಗುಂಪಿನಲ್ಲಿ ನಿಟ್ಟುಸಿರೊಂದು ಹೊರಟಿತು. ಡೆಬ್ರಾ ಅಳುತ್ತಲೇ ನಗತೊಡಗಿದಳು.

"ಅಂತೂ ಹೇಳಿದೆಯಲ್ಲ ದೋಸೆ ಮನುಷ್ಯ! ಇದು ನಮಗೆಲ್ಲ ಯಾವಾಗಲೋ ಗೊತ್ತು."

"ಗೊತ್ತಾ?"

"ಕಚೇರಿಯವರು ಅವಳನ್ನೇ ಕೇಳಿದರು, ಅಳಿಯನನ್ನು ಕೊಲ್ಲುತ್ತೇನೆ ಎಂದಿರಂತೆ ಎಂದು. ಅವಳು, ನೀವು ಒಂದು ಸಲ ನಮ್ಮ ಮನೆಗೆ ಬಂದು ಆ ದೋಸೆ ತಿನ್ನಿ, ಆಮೇಲೆ ತೀರ್ಮಾನ ಮಾಡಿ ಎಂದಳು. ನನ್ನನ್ನೂ ವಿಚಾರಿಸಿದರು. ಮಾರ್ಚಿನಲ್ಲಿ ಲೈಸೆನ್ಸ್ ಬಂತು."

ಬಯಲಿನ ಮೇಲೆ ಗಾಳಿ ಬೀಸಿತು. ಪುರುಷೋತ್ತಮ ಒಂದು ಕಿವಿಯ ಮುಚ್ಚಳ ಸರಿಸಿದ. "ಆದ್ರೆ ಅವರು ದಿನಾ ಅಂಚೆಪೆಟ್ಟಿಗೆಗೆ ಹೋಗಿ... ಬರ್ಲಿಲ್ಲ, ಬರ್ಲಿಲ್ಲ ಅಂತ..."

"ಲೈಸೆನ್ಸು ಅವಳ ಪರ್ಸಿನಲ್ಲೇ ಇತ್ತು" ಎಂದಳು ಡೆಬ್ರಾ. "ಅವಳು ಕಾಯುತ್ತಿದ್ದದ್ದು ಅದಕ್ಕಲ್ಲ. ಇವತ್ತಾದರೂ ಬಾಯಿಬಿಟ್ಟು ಹೇಳುತ್ತಾನೇನೋ ಎಂದು ನಿನ್ನ ಮುಖ ನೋಡುವ ನೆಪ ಅದು. ಕೈಯಲ್ಲಿ ಕೋವಿ ಇಟ್ಟ ಹೊರತು ಅವನು ಬಾಯಿ ಬಿಡುವುದಿಲ್ಲ ಎಂದು ನನ್ನೊಡನೆ ಒಂದು ಡಬ್ಬ ಬಟರ್ ಟಾರ್ಟ್ ಸಿಹಿತಿಂಡಿಗೆ ಪಂಥ ಕಟ್ಟಿದ್ದಳು. ನಾನು ಸೋತೆ. ಯಾರಿಗೆ ಕೊಡಲಿ ಈಗ?"

ವಸಂತಾ ಡೆಬ್ರಾಳ ಕಡೆ ತಿರುಗಿದಳು. "ನಂಗ್ಯಾಕೆ ಹೇಳ್ಲಿಲ್ಲ ಅವ್ವ?"

"ಮಗಳಿಗೆ ಹೇಳಿದರೆ ಸಂಜೆಯೊಳಗೆ ಎದುರು ಮನೆಗೆ ಗೊತ್ತಾಗುತ್ತದೆ ಎಂದಳು."

ಎದುರು ಮನೆಯವರು ಮೇಪಲ್ ಮರಗಳನ್ನು ನೋಡಿದರು.

ಇಂಗ್ಲಿಷ್ ಕ್ಲಾಸೆಂಬುದು ಇರಲೇ ಇಲ್ಲ. ಹದಿನೈದು ದಿನಕ್ಕೊಮ್ಮೆ ಮುತ್ತವ್ವ ಇದೇ ಹುಲ್ಲಿನ ಮೇಲೆ, ಇದೇ ಎಲೆಗಳ ನಡುವೆ ನಿಂತು, ಇಪ್ಪತ್ತೈದು ಬಿಲ್ಲೆಗಳಲ್ಲಿ ಇಪ್ಪತ್ತೆರಡನ್ನು ಪುಡಿ ಮಾಡಿ, ಚಹಾ ಕುಡಿದು ಮನೆಗೆ ಬರುತ್ತಿದ್ದಳು. ಪುರುಷೋತ್ತಮನ ಕೈಯಲ್ಲಿದ್ದ ಕೋವಿ ಆಕೆಯದೇ. ಡೆಬ್ರಾಳ ಮನೆಯ ಬೀಗ ಹಾಕಿದ ಕಪಾಟಿನಲ್ಲಿ ಇರುತ್ತಿತ್ತು. ಸೆಪ್ಟೆಂಬರಿನ ಕೈಲ್ ಪೋಳ್ದ್ ಹಬ್ಬದ ದಿನ ಆ ಹೆಂಗಸರನ್ನೆಲ್ಲ ಡೆಬ್ರಾಳ ಗ್ಯಾರೇಜಿನಲ್ಲಿ ಸೇರಿಸಿ, ಕೋವಿಗೆ ಹೂವಿಟ್ಟು ಗಂಧ ಹಚ್ಚಿ, ಅವರ ಹಣೆಗೂ ಹಚ್ಚಿದ್ದಳು. ಮನೆಯಲ್ಲಿ ಮಾಡಬೇಕಾದ ಪೂಜೆ. ಅಳಿಯ ಒಂದು ಮಾತು ಹೇಳಿದ್ದರೆ ಆಕೆ ಆ ಕೋವಿಯನ್ನು ಮನೆಗೇ ತರುತ್ತಿದ್ದಳಂತೆ. ಒಂದೇ ಮಾತು. ಅದನ್ನು ಹೇಳಲು ದೇವರು ಅವನಿಗೆ ಒಂಬತ್ತು ತಿಂಗಳ ಬೆಳಗುಗಳನ್ನು ಕೊಟ್ಟಿದ್ದ. ಅವನು ಅಷ್ಟನ್ನೂ ಸಾರಿನ ಪಾತ್ರೆಯೊಳಗೆ ಹಾಕಿದ.

ಪುರುಷೋತ್ತಮ ಕೋವಿಯನ್ನು ಭುಜಕ್ಕೆ ಒತ್ತಿದ. ಕಾಲು ಗಟ್ಟಿಯಾಗಿ ಊರಿದ. ಸೂರ್ಯನ ಕೊನೆಯ ಅಂಚು ಮರಗಳ ಹಿಂದೆ ಕೆಂಡದಂತೆ ಉಳಿದಿತ್ತು. "ಅತ್ತೆ, ತಪ್ಪಾಯ್ತು" ಎಂದು ಎರಡು ಕುದುರೆಗಳನ್ನೂ ಒಂದರ ಬೆನ್ನಿಗೆ ಒಂದು ಎಳೆದ. ಎರಡು ಗುಂಡು ಆಕಾಶಕ್ಕೆ ಹೋದವು, ನಡುವೆ ಉಸಿರಾಡುವಷ್ಟೂ ಬಿಡುವಿರಲಿಲ್ಲ. ಹೊಲದ ಆಚೆಯಿಂದ ಸದ್ದು ತಿರುಗಿ ಬಂತು. ನೆಲಕ್ಕೆ ಕೇಳಿತು. ಫೋನಿನಲ್ಲಿ ನಂಜಪ್ಪಜ್ಜ ಎದ್ದು ನಿಂತು ಕೈಮುಗಿದರು. "ಕೇಳಿತು ಅಕ್ಕ, ಕೇಳಿತು" ಎಂದು ಮಗುವಿನ ಹಾಗೆ ಅತ್ತರು.

ಕೆಲಸ ಮುಗಿಯಿತು, ಪಾಪ ತೊಳೆಯಿತು ಎಂದು ಪುರುಷೋತ್ತಮ ಮುಚ್ಚಳ ತೆಗೆಯುತ್ತಿದ್ದಾಗ ಡೆಬ್ರಾ ಒಂದು ಲಕೋಟೆ ತಂದಳು. ಮುತ್ತವ್ವ ಕೋವಿಯನ್ನು ಅಳಿಯನಿಗೇ ಬಿಟ್ಟು ಹೋಗಿದ್ದಳು. ಮುಂದಿನ ಹಬ್ಬಕ್ಕೆ ಅದು ಬ್ರಾಂಪ್ಟನ್ನಿನ ಮನೆಯ ದೇವರ ಮುಂದೆ ಇರಬೇಕು. ಅಷ್ಟರೊಳಗೆ ಅವನು ಪಾಠ ಕೇಳಿ, ಪಾಸಾಗಿ, ಲೈಸೆನ್ಸ್ ಪಡೆಯಬೇಕು. ಪಾಠಕ್ಕೆ ಅವನ ಹೆಸರನ್ನು ಆಕೆಯೇ ಬರೆಸಿದ್ದಳು. ಅರ್ಜಿಯನ್ನೂ ತನ್ನ ಗುಂಡು ಗುಂಡಾದ ಅಕ್ಷರದಲ್ಲಿ ತುಂಬಿಟ್ಟಿದ್ದಳು. ಬಲ್ಲವರು ಎಂಬಲ್ಲಿ ಚಂದ್ರಮೋಹನ ಮತ್ತು ಡೆಬ್ರಾ. ಒಂದೇ ಒಂದು ಜಾಗ ಖಾಲಿ ಇತ್ತು.

"ಇಲ್ಲಿ ಹೆಂಡತಿಯ ಸಹಿ ಬೇಕು" ಎಂದಳು ಡೆಬ್ರಾ. "ಹಾಕದಿದ್ದರೆ ಕಚೇರಿಯವರು ಆಕೆಗೆ ಫೋನ್ ಮಾಡಿ, ನಿಮಗೇನಾದರೂ ಆತಂಕ ಇದೆಯೇ ಎಂದು ಕೇಳುತ್ತಾರೆ."

ವಸಂತಾ ಅರ್ಜಿಯನ್ನು ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದಳು. ಪೆನ್ನನ್ನೂ ತೆಗೆದುಕೊಂಡಳು. ಗಂಡನನ್ನು ನೋಡಿದಳು. ಅವಳ ತಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅದೇ ನೋಟ.

"ವಸಂತಾ, ಒಂದ್ ಸಹಿ..."

"ಫೋನ್ ಮಾಡ್ತಾರಂತಲ್ರೀ" ಎಂದು ಅವಳು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗೆ ಹಾಕಿ ಜಿಪ್ ಎಳೆದಳು. "ಮಾಡ್ಲಿ."

ಮನೆಗೆ ಬರುವ ದಾರಿಯಲ್ಲಿ, ಬೀದಿಯ ಮೂಲೆಯಲ್ಲಿ ಪುರುಷೋತ್ತಮ ಕಾರು ನಿಲ್ಲಿಸಿದ. ಬೆಳಿಗ್ಗೆ ಅತ್ತೆಯ ಮುಷ್ಟಿಯಿಂದ ಬಿಡಿಸಿದ ಬೀಗದ ಕೈ ಅವನ ಜೇಬಿನಲ್ಲಿತ್ತು. ಇಳಿದು ಹೋಗಿ ಅಂಚೆಪೆಟ್ಟಿಗೆ ತೆರೆದ. ಏನೂ ಇರಲಿಲ್ಲ. ಆ ಖಾಲಿ ಪೆಟ್ಟಿಗೆಯ ಮುಂದೆ, ಸಂಜೆಯ ಚಳಿಯಲ್ಲಿ, ಅವನು ತಲೆಬಾಗಿ ಕೈಜೋಡಿಸಿದ.

ತಾಯಿ ಕಾವೇರಿ, ನಿನ್ನ ಮಗಳು ನಿನ್ನ ಕಡೆಗೆ ಹೊರಟಿದ್ದಾಳೆ. ಅವಳಿಗೆ ಸಲ್ಲಬೇಕಾದ ಎರಡು ಗುಂಡು ತಡವಾಗಿಯಾದರೂ ಸಂದಿವೆ, ಕೇಳಿಸಿಕೋ. ನಾನು ಹೇಳದೆ ಹೋದ ಮಾತನ್ನು ನೀನಾದರೂ ಅವಳ ಕಿವಿಗೆ ಮುಟ್ಟಿಸು. ಅವಳ ದಾರಿಯಲ್ಲಿ ಚಳಿ ಇಲ್ಲದಿರಲಿ. ಅಲ್ಲಿ ಯಾರಾದರೂ ಅವಳಿಗೆ ತೆಳ್ಳಗಿನ ದೋಸೆ ಹುಯ್ದು ಕೊಡಲಿ. ಆ ಜೀವಕ್ಕೆ ಶಾಂತಿ ಕೊಡು ತಾಯಿ, ಶಾಂತಿ ಕೊಡು.